ಮನೆಯವರ ಸ್ವಭಾವ ಓದೋದು ಹೇಗೆ: ಐದು ಗುಣ, ಒಂದು ನೋಟ್‌ಬುಕ್, ಎರಡು ವಾರ

ಶಿವಮೊಗ್ಗಕ್ಕೆ ರಾತ್ರಿ ಹನ್ನೊಂದರ ರೈಲು. ನಮ್ಮ ಮನೆ ಬೆಂಗಳೂರಿನ ವಿಜಯನಗರದಲ್ಲಿ. ಮೆಟ್ರೋ ಹತ್ತಿದರೆ ರೈಲ್ವೆ ಸ್ಟೇಷನ್‌ಗೆ ಹತ್ತು ನಿಮಿಷ ಸಾಕು. ಆದರೂ ನನ್ನ ಗಂಡ ಒಂಬತ್ತಕ್ಕೇ ಬ್ಯಾಗುಗಳನ್ನು ಬಾಗಿಲ ಹತ್ತಿರ ತಂದಿಡುತ್ತಾರೆ. ಅತ್ತೆ ಎಂಟೂವರೆಗೇ ಸೀರೆ ಉಟ್ಟು ಕುರ್ಚಿಯ ತುದಿಯಲ್ಲಿ ಕೂತಿರುತ್ತಾರೆ. ನಾನು ಇನ್ನೂ ಚಪಾತಿ ಡಬ್ಬಿಗೆ ಹಾಕುತ್ತಿರುತ್ತೇನೆ. ತುಂಬಾ ವರ್ಷ ನಾನು ಅವರಿಬ್ಬರನ್ನೂ ಒಂದೇ ಲೆಕ್ಕಕ್ಕೆ ಸೇರಿಸಿದ್ದೆ. ಅಮ್ಮ, ಮಗ ಇಬ್ಬರೂ ಗಡಿಬಿಡಿ ಜನ ಅಂತ.

ಅದು ತಪ್ಪು ಅಂತ ಗೊತ್ತಾಗಿದ್ದು ಪ್ಲಾಟ್‌ಫಾರ್ಮ್ ಮೇಲೆ. ಬೆಂಚಿನ ಮೇಲೆ ಕೂತ ತಕ್ಷಣ ನನ್ನ ಗಂಡ ಪೇಪರ್ ಬಿಡಿಸಿದರು. ಮುಕ್ಕಾಲು ಗಂಟೆ ಗಡಿಯಾರ ನೋಡಲೇ ಇಲ್ಲ. ಅತ್ತೆ ಪರ್ಸಿನಿಂದ ಟಿಕೆಟ್ ತೆಗೆದು ನೋಡಿದರು, ಒಳಗಿಟ್ಟರು, ಮತ್ತೆ ತೆಗೆದರು. ಬೋಗಿ ಯಾವುದು ಅಂತ ಮೂರು ಸಲ ಕೇಳಿದರು. ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದವರನ್ನೂ "ಶಿವಮೊಗ್ಗದ ಗಾಡಿ ಇಲ್ಲಿಗೇ ಬರುತ್ತಲ್ವಾ" ಅಂತ ವಿಚಾರಿಸಿದರು.

ಇಬ್ಬರೂ ಬೇಗ ಬಂದಿದ್ದರು. ಮಗ ಬಂದದ್ದು ಅಚ್ಚುಕಟ್ಟಿನಿಂದ, ಅಮ್ಮ ಬಂದದ್ದು ಕಳವಳದಿಂದ. ಹೊರಗಿಂದ ನೋಡಿದರೆ ಒಂದೇ ಥರ ಕಾಣುವ ನಡತೆಯ ಹಿಂದೆ ಬೇರೆ ಬೇರೆ ಗುಣ ಇರಬಹುದು. ಇದನ್ನು ಬಿಡಿಸಿ ನೋಡೋಕೆ ಬಂದರೆ ಮನೆಯಲ್ಲಿ ಅರ್ಧ ಜಗಳ ಕಡಿಮೆಯಾಗುತ್ತದೆ, ಇದು ನನ್ನ ಅನುಭವ. ಹೇಗೆ ಮಾಡೋದು ಅಂತ ಇಲ್ಲಿ ಬರೆಯುತ್ತೇನೆ.

ನಾಲ್ಕು ಅಕ್ಷರದ ಟೈಪ್ ಬದಿಗಿಡಿ

ನಾನು ಪಿಯು ಕಾಲೇಜಿನಲ್ಲಿ ಮನಃಶಾಸ್ತ್ರ ಹೇಳಿಕೊಡುತ್ತೇನೆ. ಪ್ರತಿ ವರ್ಷ ಯಾರಾದರೂ ಒಬ್ಬರು ಫೋನ್ ಹಿಡಿದುಕೊಂಡು ಬರುತ್ತಾರೆ, "ಮ್ಯಾಮ್, ನಾನು ಐಎನ್‌ಎಫ್‌ಜೆ ಅಂತೆ." ಸ್ವಭಾವವನ್ನು ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಹೇಳುವ ಈ ಪದ್ಧತಿಯನ್ನು ಕಟ್ಟಿದವರು ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್. ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಮುಂದಿಟ್ಟ ವಿಚಾರ ಅದಕ್ಕೆ ತಳಹದಿ. ಅಂತರ್ಮುಖಿ-ಬಹಿರ್ಮುಖಿ ಥರದ ನಾಲ್ಕು ಜೋಡಿ ಇರುತ್ತವೆ, ಪ್ರತಿ ಜೋಡಿಯಲ್ಲಿ ನೀವು ಈ ಕಡೆ ಇಲ್ಲವೇ ಆ ಕಡೆ, ಒಟ್ಟು 16 ಟೈಪ್.

ತೊಂದರೆ ಇರೋದು ಈ "ಇಲ್ಲವೇ"ಯಲ್ಲಿ. ಎತ್ತರದ ವಿಷಯ ತೆಗೆದುಕೊಳ್ಳಿ. ಐದೂವರೆ ಅಡಿಗೆ ಒಂದು ಗೆರೆ ಎಳೆದು ಮೇಲಿನವರು ಉದ್ದ, ಕೆಳಗಿನವರು ಕುಳ್ಳ ಅಂದರೆ ಏನಾಗುತ್ತದೆ? ಗೆರೆಯ ಆಚೆ ಈಚೆ ಅರ್ಧ ಇಂಚಿನ ಅಂತರದಲ್ಲಿರುವ ಇಬ್ಬರು ಬೇರೆ ಬೇರೆ ಜಾತಿಯವರಾಗಿಬಿಡುತ್ತಾರೆ. ಸ್ವಭಾವವೂ ಎತ್ತರದ ಹಾಗೆಯೇ. ಹೆಚ್ಚಿನ ಜನ ನಡುವೆ ಇರುತ್ತಾರೆ, ತುದಿಗಳಲ್ಲಿ ಕೆಲವರು. ಅದಕ್ಕೇ ಕೆಲವು ವಾರ ಬಿಟ್ಟು ಅದೇ ಪರೀಕ್ಷೆ ಮತ್ತೆ ಬರೆದರೆ ತುಂಬಾ ಜನರಿಗೆ ಒಂದಾದರೂ ಅಕ್ಷರ ಬದಲಾಗುತ್ತದೆ.

ಇದು ಬರೀ ಓದಿನ ವಿಷಯ ಅಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೊರ ವರ್ತುಲ ರಸ್ತೆಯ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲಿ ತರಬೇತಿಯ ಹೆಸರಿನಲ್ಲಿ ಎಲ್ಲರಿಗೂ ಇಂಥದೊಂದು ಪರೀಕ್ಷೆ ಮಾಡಿಸಿದರು. ಇವಳಿಗೆ ಅಂತರ್ಮುಖಿ ಅಂತ ಬಂತು. ಆಮೇಲೆ ಗ್ರಾಹಕರ ಮೀಟಿಂಗ್‌ಗಳಿಗೆ ಇವಳನ್ನು ಕಳಿಸೋದೇ ನಿಲ್ಲಿಸಿದರು, "ನಿನಗೆ ಕಷ್ಟ ಆಗುತ್ತೆ" ಅಂತ. ನನ್ನ ತರಗತಿಯಲ್ಲಿ ಮೂರು ನಿಮಿಷ ಮಾತಾಡಿದರೆ ಮೂವತ್ತು ಜನ ಸುಮ್ನೆ ಕೂತು ಕೇಳುತ್ತಿದ್ದ ಹುಡುಗಿ ಅವಳು. ಅವಳ ಫೋನ್ ಬಂದ ದಿನ ನನಗೆ ನಿಜಕ್ಕೂ ಬೇಜಾರಾಯಿತು.

ಮೊದಲ ಕೆಲಸ: ಹತ್ತು ಪದ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮನೆಯ ಒಬ್ಬರನ್ನು ಆರಿಸಿಕೊಳ್ಳಿ. ಅವರ ಬಗ್ಗೆ ನೀವು ದಿನಾ ಬಳಸುವ ಹತ್ತು ಪದ ಬರೆಯಿರಿ, ಯೋಚಿಸಬೇಡಿ, ಬಾಯಿಗೆ ಬಂದದ್ದೇ ಬರಲಿ. ಮುಂಗೋಪಿ, ಧಾರಾಳಿ, ಪುಕ್ಕಲ, ಹಠಮಾರಿ, ಮೆತ್ತನೆಯವರು, ಮಾತುಗಾರ, ಸೋಮಾರಿ, ಚುರುಕು. ಕನ್ನಡದಲ್ಲಿ ಇಂಥ ಪದಗಳಿಗೆ ಬರವಿಲ್ಲ.

ನೀವು ಈಗ ಮಾಡಿದ್ದನ್ನೇ ಅಮೆರಿಕದ ಮನಃಶಾಸ್ತ್ರಜ್ಞರಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್ಬರ್ಟ್ 1936ರಲ್ಲಿ ದೊಡ್ಡದಾಗಿ ಮಾಡಿದ್ದರು. ಇಡೀ ಇಂಗ್ಲಿಷ್ ನಿಘಂಟು ಜಾಲಾಡಿ, ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಿ ತೋರಿಸುವ ಸುಮಾರು 18,000 ಪದ ಪಟ್ಟಿ ಮಾಡಿದರು. ಅದರಲ್ಲಿ ಸುಮಾರು 4,500 ಪದ ಸ್ಥಿರವಾದ ಗುಣಗಳನ್ನು ಹೇಳುವಂಥವು. ಜನರಿಗೆ ಮುಖ್ಯ ಅನ್ನಿಸಿದ ವ್ಯತ್ಯಾಸಕ್ಕೆ ಭಾಷೆಯಲ್ಲಿ ಒಂದು ಪದ ಹುಟ್ಟಿಯೇ ಇರುತ್ತದೆ, ಅನ್ನೋದು ಅದರ ಹಿಂದಿನ ನಂಬಿಕೆ. ನನಗೆ ಈ ವಿಚಾರ ತುಂಬಾ ಇಷ್ಟ. ಯಾಕಂದರೆ ಅಜ್ಜಿಯರ ಮಾತಿನಲ್ಲೇ ಮನಃಶಾಸ್ತ್ರ ಇದೆ ಅಂತ ಇದು ಒಪ್ಪಿಕೊಳ್ಳುತ್ತದೆ.

ಮುಂದಿನವರು ಕೇಳಿದ ಪ್ರಶ್ನೆ ಬೇರೆ. ಇಷ್ಟು ಪದಗಳಲ್ಲಿ ಯಾವುವು ಜೊತೆಜೊತೆಗೆ ಬರುತ್ತವೆ? ಅಚ್ಚುಕಟ್ಟು ಅನ್ನಿಸಿಕೊಂಡವರು ಹೊತ್ತಿಗೆ ಸರಿಯಾಗಿ ಬರೋದು ಜಾಸ್ತಿ, ಹಿಡಿದ ಕೆಲಸ ಮುಗಿಸೋದೂ ಜಾಸ್ತಿ. ಹೀಗೆ ಕೂಡಿ ಬರುವ ಪದಗಳನ್ನು ಲೆಕ್ಕ ಹಾಕಿ ಗೊಂಚಲು ಮಾಡುವ ಗಣಿತದ ವಿಧಾನಕ್ಕೆ ದಾರಿ ಹಾಕಿದವರು ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್, 1904ರಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಅವರು ಇದೇ ಸ್ಪಿಯರ್‌ಮನ್ ಬಳಿ ಕಲಿತು ಬಂದವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿ ರೇಡಿಯೊ ಶುರು ಮಾಡಿದವರೂ ಅವರೇ, ಅದು ಇನ್ನೊಂದು ಕಥೆ.

ರೇಮಂಡ್ ಕ್ಯಾಟೆಲ್ ಲೆಕ್ಕದಲ್ಲಿ ಗೊಂಚಲುಗಳು 16 ಬಂದವು. ಅಮೆರಿಕದ ವಾಯುಪಡೆಗಾಗಿ ಕೆಲಸ ಮಾಡಿದ ಟ್ಯೂಪ್ಸ್ ಮತ್ತು ಕ್ರಿಸ್ಟಲ್ 1961ರಲ್ಲಿ ನೋಡಿದಾಗ ಮತ್ತೆ ಮತ್ತೆ ಐದೇ ಉಳಿದವು. 1981ರಲ್ಲಿ ಲೂಯಿಸ್ ಗೋಲ್ಡ್‌ಬರ್ಗ್ ಅದಕ್ಕೆ ಬಿಗ್ ಫೈವ್ ಅಂತ ಹೆಸರಿಟ್ಟರು. ಇವತ್ತು ಸಂಶೋಧಕರು ಹೆಚ್ಚಾಗಿ ಬಳಸೋದು ಇದನ್ನೇ.

ಐದು ನಾಬ್

ಗ್ಯಾಸ್ ಒಲೆಯ ನಾಬ್ ನೆನಪು ಮಾಡಿಕೊಳ್ಳಿ. ಸಿಮ್‌ನಲ್ಲಿ ಇರಬಹುದು, ಫುಲ್ ಇರಬಹುದು, ನಡುವೆ ಎಲ್ಲಾದರೂ ಇರಬಹುದು. ಪ್ರತಿಯೊಬ್ಬರಲ್ಲೂ ಐದು ನಾಬ್ ಇವೆ. ಯಾರಲ್ಲೂ ಯಾವುದೂ ಪೂರ್ತಿ ಆಫ್ ಆಗಿರೋದಿಲ್ಲ. ನಿಮ್ಮ ಹತ್ತು ಪದಗಳ ಮುಂದೆ ಅದು ಯಾವ ನಾಬ್‌ಗೆ ಸೇರಿದ್ದು ಅಂತ ಗುರುತು ಹಾಕುತ್ತಾ ಬನ್ನಿ.

ಮೊದಲನೆಯದು ಹೊಸತರ ಕಡೆಗಿನ ಒಲವು, ಓಪನ್‌ನೆಸ್. ಕಲ್ಪನೆ, ಕಲೆ, ಹೊಸ ವಿಚಾರ, ಕುತೂಹಲ ಎಲ್ಲ ಇದರಲ್ಲಿ ಬರುತ್ತವೆ. ದರ್ಶಿನಿಯಲ್ಲಿ ಹತ್ತು ವರ್ಷದಿಂದ ಖಾಲಿ ದೋಸೆಯನ್ನೇ ತಿನ್ನುವವರಿಗೆ ಇದು ಕಡಿಮೆ ಅಂತ ಹೇಳಿಬಿಡಬೇಡಿ, ಅವರು ಮನೆಗೆ ಹೋಗಿ ಕವಿತೆ ಬರೆಯುತ್ತಿರಬಹುದು.

ಎರಡನೆಯದು ಅಚ್ಚುಕಟ್ಟು, ಇಂಗ್ಲಿಷಿನಲ್ಲಿ ಕಾನ್ಶಿಯೆನ್ಶಿಯಸ್‌ನೆಸ್. ಯೋಜನೆ ಹಾಕೋದು, ಹೇಳಿದ ಮಾತು ಉಳಿಸಿಕೊಳ್ಳೋದು, ಆಸೆಯನ್ನು ತಡೆದುಕೊಳ್ಳೋದು. ಕೆಲಸದ ಗುಣಮಟ್ಟಕ್ಕೂ ಸ್ವಭಾವಕ್ಕೂ ಇರುವ ನಂಟನ್ನು ಬ್ಯಾರಿಕ್ ಮತ್ತು ಮೌಂಟ್ 1991ರಲ್ಲಿ ಹಲವು ಅಧ್ಯಯನ ಕೂಡಿಸಿ ನೋಡಿದಾಗ, ಐದರಲ್ಲಿ ಎಲ್ಲ ಬಗೆಯ ಉದ್ಯೋಗದಲ್ಲೂ ಕಾಣಿಸಿಕೊಂಡದ್ದು ಇದೇ. ಹಾಗಂತ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಲ್ಲ. ನನ್ನ ಗಂಡನಿಗೆ ಹೇಳದೆ ಕೇಳದೆ ನೆಂಟರು ಬಂದುಬಿಟ್ಟರೆ ಇಡೀ ಭಾನುವಾರ ಕೆಟ್ಟ ಹಾಗೆ.

ಮೂರನೆಯದು ಬಹಿರ್ಮುಖತೆ. ಇದರ ಬಗ್ಗೆಯೇ ಜನ ಜಾಸ್ತಿ ತಪ್ಪು ತಿಳಿಯೋದು. ಇದು ಮಾತಿನ ಕಲೆ ಅಲ್ಲ. ಜನರ ನಡುವೆ ಉತ್ಸಾಹ ಏರುತ್ತದಾ, ಮುಂದಾಳತ್ವ ಹಿಡಿಯಬೇಕು ಅನ್ನಿಸುತ್ತದಾ, ಗದ್ದಲ ಸಡಗರ ಹಿತವಾ, ಇದು ಅದರ ಪ್ರಶ್ನೆ. ಛತ್ರದಲ್ಲಿ ಮದುವೆ ಮುಗಿಸಿ ಮನೆಗೆ ಬಂದ ಮೇಲೆ ನೋಡಿ. ಒಬ್ಬರು ಇನ್ನೂ ಹುರುಪಿನಲ್ಲಿ ಫೋನ್ ಹಚ್ಚಿ ಅದೇ ಮದುವೆಯ ಸುದ್ದಿ ಹೇಳುತ್ತಿರುತ್ತಾರೆ. ಇನ್ನೊಬ್ಬರು ಅಲ್ಲಿ ನಗುನಗುತ್ತಲೇ ಎಲ್ಲರಿಗೂ ಬಡಿಸಿ ಬಂದಿರುತ್ತಾರೆ, ಮನೆಗೆ ಬಂದವರೇ ಕೋಣೆಯ ಬಾಗಿಲು ಮುಂದೆ ಮಾಡಿ ಒಂದು ಗಂಟೆ ಮಲಗುತ್ತಾರೆ. ಇವರು ಅಂತರ್ಮುಖಿ. ಸಂಕೋಚದ ಮಾತೇ ಬೇರೆ. ಸಂಕೋಚ ಇರುವವರಿಗೆ ಜನ ಬೇಕು, ಆದರೆ ಏನಂದುಕೊಳ್ಳುತ್ತಾರೋ ಅನ್ನೋ ಭಯ. ಅಂತರ್ಮುಖಿಗೆ ಭಯ ಇರಬೇಕಂತೇನಿಲ್ಲ, ಜನ ಅಷ್ಟು ಸಾಕು ಅನ್ನಿಸುತ್ತದೆ ಅಷ್ಟೆ. ನನ್ನ ವಿದ್ಯಾರ್ಥಿನಿಯ ಮ್ಯಾನೇಜರ್‌ಗೆ ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಸಾಕಿತ್ತು.

ನಾಲ್ಕನೆಯದಕ್ಕೆ ಇಂಗ್ಲಿಷಿನಲ್ಲಿ ಅಗ್ರೀಯಬಲ್‌ನೆಸ್ ಅಂತಾರೆ. ಕರುಣೆ, ನಂಬಿಕೆ, ಬಿಟ್ಟುಕೊಡೋದು, ಸೌಮ್ಯ ಮಾತು. ನಮ್ಮಲ್ಲಿ ಇದರ ತುಂಬಾ ಹತ್ತಿರದ ಒಂದು ಪದ ಇದೆ, ದಾಕ್ಷಿಣ್ಯ. ನನ್ನ ಸೋದರಮಾವ ಜೊತೆ ಕೆಲಸ ಮಾಡುವವರ ಸಾಲಕ್ಕೆ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಜಾಮೀನು ಹಾಕಿದರು. ಸಾಲ ಮಾಡಿದವರು ಊರು ಬಿಟ್ಟರು, ಮಾವ ಮೂರು ವರ್ಷ ಕಂತು ಕಟ್ಟಿದರು. ಮನೆಯವರೆಲ್ಲ "ಪಾಪ, ಒಳ್ಳೆಯವರು" ಅನ್ನುತ್ತಿದ್ದರು. ಆಮೇಲೊಮ್ಮೆ ಮಾವನೇ ನನಗೆ ಹೇಳಿದರು, "ಕರುಣೆ ಏನೂ ಇರಲಿಲ್ಲ ಕಣೇ, ಇಲ್ಲ ಅಂದರೆ ಅವನು ಮುಖ ಕೆಡಿಸಿಕೊಳ್ಳುತ್ತಾನಲ್ಲ ಅಂತ ಭಯ." ನೋಡಿ, ಇಲ್ಲೂ ಪ್ಲಾಟ್‌ಫಾರ್ಮ್ ಕಥೆಯೇ. ಹೊರಗೆ ಕಂಡದ್ದು ಒಳ್ಳೆಯತನ, ಒಳಗೆ ಇದ್ದದ್ದು ಕಳವಳ. ಇನ್ನೊಂದು ಮಾತು. ಈ ನಾಬ್ ಸಿಮ್‌ನಲ್ಲಿರುವವರನ್ನು ಕೆಟ್ಟವರು ಅಂದುಕೊಳ್ಳಬೇಡಿ. ಅಪಾರ್ಟ್‌ಮೆಂಟ್ ಸಂಘದ ಸಭೆಯಲ್ಲಿ ಎದ್ದು ನಿಂತು "ಈ ತಿಂಗಳ ಟ್ಯಾಂಕರ್ ನೀರಿನ ಲೆಕ್ಕ ಎಲ್ಲಿ" ಅಂತ ಕೇಳೋದಕ್ಕೆ ಅವರೇ ಬೇಕು.

ಐದನೆಯದು ಕಳವಳ, ನ್ಯೂರಾಟಿಸಿಸಂ. ಹೆಸರು ಕೇಳಿ ಕಾಯಿಲೆ ಅಂದುಕೊಳ್ಳುತ್ತಾರೆ, ಹಾಗಲ್ಲ. ಚಿಂತೆ, ಸಿಟ್ಟು, ಬೇಸರ ಎಷ್ಟು ಬೇಗ ಏಳುತ್ತವೆ, ಎಷ್ಟು ಹೊತ್ತು ಉಳಿಯುತ್ತವೆ ಅನ್ನೋ ಅಳತೆ ಅದು. ನಮ್ಮ ಅತ್ತೆ ಹೊರಡುವ ಮುಂಚೆ ಸಿಲಿಂಡರ್ ಎರಡು ಸಲ ನೋಡುತ್ತಾರೆ. ಒಂದು ಸಲ ಅದು ನಿಜಕ್ಕೂ ಆನ್ ಇತ್ತು, ಮರೆತದ್ದು ನಾನು. ಆದರೆ ಚಿಂತೆ ವಾರಗಟ್ಟಲೆ ನಿದ್ದೆ, ಊಟ, ಕೆಲಸ ಕೆಡಿಸುತ್ತಿದ್ದರೆ ಅದು ಸ್ವಭಾವದ ಲೆಕ್ಕಕ್ಕೆ ಬಿಡುವಂಥದ್ದಲ್ಲ. ನಮ್ಮೂರಿನಲ್ಲೇ ನಿಮ್ಹಾನ್ಸ್ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಎರಡು ವಾರ ಬರೆಯೋದು

ಇದು ನಿಜವಾದ ಕೆಲಸ, ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ದಿನಕ್ಕೆ ಎರಡು ಸಾಲು ಬರೆಯಿರಿ. ನಿಯಮ ಒಂದೇ: ಕಂಡದ್ದನ್ನು ಬರೆಯಿರಿ, ತೀರ್ಪು ಬರೆಯಬೇಡಿ. "ಸೋಮವಾರ ಸಿಡುಕಿದರು" ಅಂತ ಬರೆದರೆ ಏನೂ ಗೊತ್ತಾಗೋದಿಲ್ಲ. "ಸೋಮವಾರ ಸಂಜೆ ಏಳು. ಸಿಲ್ಕ್ ಬೋರ್ಡ್ ಹತ್ತಿರ ಬಸ್ಸು ಮುಕ್ಕಾಲು ಗಂಟೆ ನಿಂತಿತ್ತಂತೆ. ಕಾಫಿ ಕೊಟ್ಟೆ, ಕುಡಿಯುವ ತನಕ ಮಾತಾಡಲಿಲ್ಲ. ಎಂಟಕ್ಕೆ ಮಗನ ಲೆಕ್ಕ ನೋಡಲು ಕೂತರು, ಆಗ ಸರಿ ಇದ್ದರು." ಹೀಗೆ ಬರೆದರೆ ಯಾವ ಹೊತ್ತು, ಯಾವ ಜಾಗ, ಮುಂಚೆ ಏನಾಗಿತ್ತು, ಎಷ್ಟು ಹೊತ್ತಿಗೆ ಇಳಿಯಿತು, ಎಲ್ಲ ಸಿಗುತ್ತದೆ.

ಜಾಗ ಮತ್ತು ಹೊತ್ತು ಯಾಕೆ ಅಂದರೆ, ನಡತೆಯಲ್ಲಿ ಸನ್ನಿವೇಶದ ಪಾಲು ತುಂಬಾ ದೊಡ್ಡದು. ವಾಲ್ಟರ್ ಮಿಶೆಲ್ 1968ರಲ್ಲಿ ಇದನ್ನೇ ಎತ್ತಿ ಹೇಳಿದಾಗ ಸ್ವಭಾವದ ಸಂಶೋಧಕರೆಲ್ಲ ಬೆಚ್ಚಿದ್ದರು. ಒಂದು ಗುಣದ ಅಂಕ ನೋಡಿ ಒಂದು ದಿನದ ಒಂದು ನಡತೆಯನ್ನು ಊಹಿಸೋಕೆ ಹೋದರೆ ಸೋಲೋದೇ ಜಾಸ್ತಿ ಅಂತ ಅವರು ತೋರಿಸಿದರು. 2001ರಲ್ಲಿ ವಿಲಿಯಂ ಫ್ಲೀಸನ್ ಜನರಿಂದ ದಿನಕ್ಕೆ ಹಲವು ಸಲ ಬರೆಸಿ ನೋಡಿದರು. ಒಬ್ಬರೇ ಮನುಷ್ಯರು ಒಂದೇ ವಾರದಲ್ಲಿ ಬಹಿರ್ಮುಖಿಯಾಗಿಯೂ ಅಂತರ್ಮುಖಿಯಾಗಿಯೂ ನಡೆದುಕೊಳ್ಳುತ್ತಾರೆ, ಆದರೆ ಅವರ ಸರಾಸರಿ ಮಾತ್ರ ವಾರದಿಂದ ವಾರಕ್ಕೆ ಹೆಚ್ಚು ಬದಲಾಗೋದಿಲ್ಲ. ಗುಣ ಅಂದರೆ ಆ ಸರಾಸರಿ. ಅದಕ್ಕೇ ಎರಡು ವಾರ. ಒಂದು ಕೆಟ್ಟ ಸೋಮವಾರದಿಂದ ಯಾರನ್ನೂ ಅಳೆಯಬೇಡಿ.

ನಿಮ್ಮ ಬಗ್ಗೆಯೂ ಇದೇ ಪುಸ್ತಕದಲ್ಲಿ ಬರೆದುಕೊಳ್ಳಿ, ಆಮೇಲೆ ಮನೆಯವರೊಬ್ಬರ ಹತ್ತಿರ ನಿಮ್ಮ ಬಗ್ಗೆ ಕೇಳಿ. ಸಿಮಿನ್ ವಜೀರೆ 2010ರಲ್ಲಿ ತೋರಿಸಿದ ಪ್ರಕಾರ ಒಳಗಿನ ಕಳವಳ ನಮಗೇ ಚೆನ್ನಾಗಿ ಗೊತ್ತು. ಆದರೆ ಬುದ್ಧಿ, ಸೃಜನಶೀಲತೆಯಂಥ ಹೊಗಳಿಕೆಗೆ ಸಿಗುವ ಗುಣಗಳಲ್ಲಿ ನಮಗಿಂತ ಹತ್ತಿರದವರ ಅಂದಾಜೇ ಸರಿ ಇರುತ್ತದೆ. ನಾನು ನನ್ನನ್ನು ಸಮಾಧಾನದವಳು ಅಂತ ಬರೆದುಕೊಂಡಿದ್ದೆ. ನನ್ನ ಮಗಳು ಪೆನ್ನು ತೆಗೆದುಕೊಂಡು ಅದರ ಮೇಲೆ ಗೆರೆ ಹೊಡೆದಳು. ಅವಳು ಹೇಳಿದ ಮೂರು ಘಟನೆಗಳೂ ನಿಜವೇ.

ಪರೀಕ್ಷೆ ಬರೆಯಲೇಬೇಕು ಅನ್ನಿಸಿದರೆ

ಗೋಲ್ಡ್‌ಬರ್ಗ್ ಎಲ್ಲರೂ ಉಚಿತವಾಗಿ ಬಳಸಲಿ ಅಂತ ಪ್ರಶ್ನೆಗಳ ಒಂದು ಭಂಡಾರ ಮಾಡಿಟ್ಟರು, ಐಪಿಐಪಿ ಅಂತ ಅದರ ಹೆಸರು. ಅದರಿಂದ ಕಟ್ಟಿದ ಐಪಿಐಪಿ-ನಿಯೋ ಅನ್ನುವ ಪರೀಕ್ಷೆ ಇದೆ, 300 ಪ್ರಶ್ನೆಯದು ಒಂದು, 120 ಪ್ರಶ್ನೆಯದು ಇನ್ನೊಂದು. 120ರದ್ದು ಸಾಕು. ಭಾನುವಾರ ಬೆಳಿಗ್ಗೆ ತಿಂಡಿ ಆದ ಮೇಲೆ ಬರೆಯಿರಿ, ಜಗಳ ಆಡಿದ ರಾತ್ರಿ ಬರೆಯಬೇಡಿ. ಹೇಗಿರಬೇಕು ಅಂತಲ್ಲ, ಕಳೆದ ಕೆಲವು ತಿಂಗಳಲ್ಲಿ ಹೇಗಿದ್ದೆ ಅಂತ ಉತ್ತರಿಸಿ.

ಬಂದ ಅಂಕವನ್ನು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಓದಿದ ಹಾಗೆ ಓದಬೇಡಿ. ಅಚ್ಚುಕಟ್ಟಿನಲ್ಲಿ 30 ಅಂದರೆ ಫೇಲ್ ಅಲ್ಲ. ನಿಮ್ಮ ವಯಸ್ಸಿನ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 30 ಜನ ನಿಮಗಿಂತ ಕಡಿಮೆ, ಉಳಿದವರು ಜಾಸ್ತಿ ಅಂತ. 45ಕ್ಕೂ 55ಕ್ಕೂ ದಿನದ ಬದುಕಿನಲ್ಲಿ ಏನೂ ವ್ಯತ್ಯಾಸ ಇಲ್ಲ. 10ರ ಕೆಳಗೆ ಅಥವಾ 90ರ ಮೇಲೆ ಬಂದದ್ದನ್ನು ಮಾತ್ರ ಗಮನಿಸಿ. ಆಮೇಲೆ ಅದು ನಿಮ್ಮ ನೋಟ್‌ಬುಕ್‌ಗೆ ಹೊಂದುತ್ತದಾ ನೋಡಿ. ಹೊಂದದಿದ್ದರೆ ನಾನಂತೂ ನೋಟ್‌ಬುಕ್ಕನ್ನೇ ನಂಬುತ್ತೇನೆ.

ಫಲಿತಾಂಶದ ಜೊತೆ ಬರುವ ಬಣ್ಣದ ಮಾತುಗಳನ್ನು ಹೀಗೆ ಪರೀಕ್ಷಿಸಿ. ನಿಮ್ಮದನ್ನು ಪಕ್ಕಕ್ಕಿಟ್ಟು, ಇನ್ನೊಬ್ಬರ ಫಲಿತಾಂಶವನ್ನು ನಿಮ್ಮದೇ ಅಂದುಕೊಂಡು ಓದಿ. ಅದೂ ಅಷ್ಟೇ ಹೊಂದಿದರೆ ಆ ಮಾತಿಗೆ ಬೆಲೆ ಇಲ್ಲ. 1948ರಲ್ಲಿ ಬರ್ಟ್ರಾಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ಫಲಿತಾಂಶ ಅಂತ ಎಲ್ಲರ ಕೈಗೂ ಒಂದೇ ಚೀಟಿ ಹಂಚಿದರು. ಅದರಲ್ಲಿದ್ದದ್ದು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ ಸಾಲುಗಳು. ಎಷ್ಟು ಸರಿ ಇದೆ ಅಂತ ಕೇಳಿದಾಗ ಐದಕ್ಕೆ ಸರಾಸರಿ 4.26 ಕೊಟ್ಟರು. ನಾನು ಇದನ್ನು ನನ್ನ ತರಗತಿಯಲ್ಲೂ ಮಾಡಿದ್ದೇನೆ. ಚೀಟಿ ಅದಲು ಬದಲು ಮಾಡಿ ಓದಿ ಅಂದಾಗ ಆಗುವ ಮೌನವನ್ನು ಒಂದು ಸಲ ಕೇಳಬೇಕು.

ಈ ಐದು ಗುಣಗಳೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಪಟ್ಟಿ ಶುರುವಾದದ್ದು ಇಂಗ್ಲಿಷ್ ಪದಗಳಿಂದ. ಬೇರೆ ಬೇರೆ ಭಾಷೆಗಳ ಪದ ನೋಡಿದ ಮೈಕಲ್ ಆಷ್ಟನ್ ಮತ್ತು ಕಿಬಿಯಮ್ ಲೀ ಪ್ರಾಮಾಣಿಕತೆ, ವಿನಯ ಸೇರಿದ ಆರನೆಯ ಗುಣ ಬೇಕು ಅನ್ನುತ್ತಾರೆ. ಬೊಲಿವಿಯಾದ ಸಿಮಾನೆ ಜನರಲ್ಲಿ ಈ ಐದು ಸರಿಯಾಗಿ ಮೂಡಲಿಲ್ಲ ಅಂತ 2013ರಲ್ಲಿ ವರದಿಯಾಯಿತು. ಹಾಗಾಗಿ ನಿಮ್ಮ ಹತ್ತು ಪದಗಳಲ್ಲಿ ಯಾವುದಾದರೂ ಐದರಲ್ಲಿ ಎಲ್ಲೂ ಕೂರದಿದ್ದರೆ ಅದನ್ನು ಒತ್ತಿ ತುರುಕಬೇಡಿ. ನನ್ನ ಪಟ್ಟಿಯಲ್ಲಿ "ಸ್ವಾಭಿಮಾನಿ" ಇವತ್ತಿಗೂ ಹೊರಗೇ ಇದೆ.

"ಹುಟ್ಟು ಗುಣ ಸುಟ್ಟರೂ ಹೋಗಲ್ಲ" ಅನ್ನೋ ಗಾದೆ ಅರ್ಧ ನಿಜ. ಅವಳಿಗಳನ್ನು ಹೋಲಿಸಿದ ಅಧ್ಯಯನಗಳ ಪ್ರಕಾರ ಜನರ ನಡುವಿನ ವ್ಯತ್ಯಾಸದಲ್ಲಿ ಶೇಕಡ 40ರಿಂದ 50 ಭಾಗ ವಂಶವಾಹಿಯದ್ದು. ಉಳಿದದ್ದು ಅಲ್ಲ. ವಯಸ್ಸಾಗುತ್ತಾ ಹೆಚ್ಚಿನವರಲ್ಲಿ ಅಚ್ಚುಕಟ್ಟು, ಸೌಮ್ಯ ಏರುತ್ತವೆ, ಕಳವಳ ಇಳಿಯುತ್ತದೆ. ಅದಕ್ಕೇ ಹತ್ತು ವರ್ಷದ ಮಗುವಿನ ಎದುರು "ಇವನು ಸೋಮಾರಿ, ಇವಳು ಪುಕ್ಕಲಿ" ಅಂತ ನೆಂಟರಿಗೆ ಹೇಳೋದನ್ನು ದಯವಿಟ್ಟು ನಿಲ್ಲಿಸಿ. ಹೆಣ್ಣು ಗಂಡು ನೋಡುವಾಗ ಜಾತಕದ ಜೊತೆ ಇದನ್ನೂ ಕೇಳೋಕೆ ಶುರು ಮಾಡಬೇಡಿ. ಯಾರನ್ನೋ ಕೆಲಸದಿಂದ ದೂರ ಇಡಲು ಇದನ್ನು ಬಳಸಬೇಡಿ. ನೋಟ್‌ಬುಕ್ ಇರೋದು ನೀವು ಅವರ ಜೊತೆ ಹೇಗಿರಬೇಕು ಅಂತ ತಿಳಿಯೋಕೆ.

ಹೋದ ಸಲ ಶಿವಮೊಗ್ಗಕ್ಕೆ ಹೊರಟಾಗ ನಾನು ಎರಡು ಕೆಲಸ ಮಾಡಿದೆ. ಗಂಡನಿಗೆ ಬೆಳಿಗ್ಗೆಯೇ ಹೇಳಿದೆ, ಹತ್ತು ಗಂಟೆಗೆ ಮನೆ ಬಿಡೋಣ, ಒಂಬತ್ತೂವರೆಗೆ ನನ್ನ ಡಬ್ಬಿ ರೆಡಿ ಇರುತ್ತದೆ. ಅವರಿಗೆ ಅಷ್ಟು ಸಾಕು, ಯೋಜನೆ ಅಂತ ಒಂದಿದ್ದರೆ ಸರಿ. ಅತ್ತೆಗೆ ಹೊತ್ತು ಹೇಳಿ ಪ್ರಯೋಜನ ಇಲ್ಲ, ಅವರ ಕಳವಳ ಗಡಿಯಾರದ್ದಲ್ಲ. ಟಿಕೆಟನ್ನು ಬೀದಿ ಕೊನೆಯ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಬೋಗಿ ಮತ್ತು ಸೀಟಿನ ನಂಬರನ್ನು ಮಾರ್ಕರ್‌ನಲ್ಲಿ ದಪ್ಪಗೆ ಬರೆದು ಅವರ ಕೈಗೇ ಕೊಟ್ಟೆ. ಪ್ಲಾಟ್‌ಫಾರ್ಮ್ ಮೇಲೆ ಎರಡು ಸಲ ಬಿಡಿಸಿ ನೋಡಿದರು. ಆಮೇಲೆ ಮಡಿಸಿ ಪರ್ಸಿಗೆ ಹಾಕಿ, ಜಿಪ್ ಎಳೆದು, "ಇನ್ನೂ ಅರ್ಧ ಗಂಟೆ ಇದೆಯಲ್ಲೇ, ಒಂದು ಕಾಫಿ ತಗೊಂಡು ಬಾ, ಬೈಟು ಮಾಡೋಣ" ಅಂದರು.